ಕೈಯ ನಡೆ ಬಲ್ಲ ಬೀಗ

ನನ್ನ ಅಕ್ಕನ ಗಂಡ ಮೊದಲು ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದರು. ಆಫೀಸುಗಳು ಆ ಯಂತ್ರಗಳನ್ನು ಗುಜರಿಗೆ ಹಾಕಿದ ಮೇಲೆ, ಪೈಪು ಮಾಡುವ ಕಾರ್ಖಾನೆಯೊಂದರಲ್ಲಿ ಇಮೇಲ್ ನೋಡುವ ಕೆಲಸ ಸಿಕ್ಕಿತು. ಒಡೆದ ಪೈಪಿನ ದೂರುಗಳಿಗೆ ಉತ್ತರ ಬರೆದು ಬರೆದು ರೋಸಿಹೋಗಿ, ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಕೂತು ಎರಡು ಉಪಾಯ ಹುಡುಕಿದರು. ಒಂದು, ಬಂದ ಮೇಲ್‌ಗಳನ್ನು ಇವತ್ತಿನವು, ನಾಳೆಯವು, ಕಸ ಎಂದು ತಾನೇ ಬೇರ್ಪಡಿಸುವ ಪ್ರೋಗ್ರಾಂ. ಇನ್ನೊಂದು, ಆ ಮೇಲ್‌ಗಳಿಗೆ ಹಾಕುವ ಬೀಗ. ಅದಕ್ಕೆ ಪಾಸ್‌ವರ್ಡ್ ಬೇಡ. ಯಾವುದಾದರೂ ಒಂದು ಸಾಲು ಟೈಪ್ ಮಾಡಿದರೆ ಸಾಕು, ಬೆರಳು ಎಲ್ಲಿ ಓಡಿತು, ಎಲ್ಲಿ ತಡೆಯಿತು ಎಂಬುದರಿಂದಲೇ ಆಳನ್ನು ಗುರುತು ಹಿಡಿಯುತ್ತಿತ್ತು. ತೆರೆದ ಮೇಲೂ ನಡುವೆ ಬೇರೆ ಕೈ ಬಿದ್ದರೆ ತಾನೇ ಮುಚ್ಚಿಕೊಳ್ಳುತ್ತಿತ್ತು.

"ಹೆಜ್ಜೆ ಸಪ್ಪಳ ಕೇಳಿ ಯಾರು ಬಂದ್ರು ಅಂತ ಹೇಳಲ್ವಾ, ಹಾಗೆ," ಎನ್ನುತ್ತಿದ್ದರು ಭಾವ.

ಬೀಗ ಮುರಿದು ನೋಡಲು ನನ್ನನ್ನೇ ಕರೆಯುತ್ತಿದ್ದರು. ನನ್ನದು ಲಾರಿ ಇಂಜಿನ್ ಬಿಚ್ಚುವ ಕೈ. ಎಷ್ಟು ಕುಟ್ಟಿದರೂ ಪರದೆಯ ಮೇಲೆ ಬರುತ್ತಿದ್ದುದು ಒಂದೇ: 'ನೀವು ಅವರಲ್ಲ.'

"ನಿಧಾನ ಕಣೋ ಪಟಾಕಿ, ಅದೇನು ನಿನ್ನ ಸಾಲಗಾರನಾ?" ಎಂದು ನಗುತ್ತಿದ್ದರು.

ಕೊನೆಗೆ ಒಂದು ಕಂಪನಿ ಆ ಬೀಗವನ್ನು ತೆಗೆದುಕೊಳ್ಳಲು ಮನಸ್ಸು ಮಾಡಿತು. ಅವರು ಕೇಳಿದ್ದು ಇಷ್ಟೇ: ನಿಮ್ಮನ್ನು ಬಿಟ್ಟು ಇನ್ಯಾರಿಗೂ ಇದು ತೆರೆಯುವುದಿಲ್ಲ ಎಂದು, ಆ ಬೀಗ ಹಾಕಿರುವ ಮೇಲ್‌ನಿಂದಲೇ ಶುಕ್ರವಾರದೊಳಗೆ ಬರೆದು ಕಳಿಸಿ. ಭಾವನ ಇಡೀ ಬದುಕಿನ ಆಸೆ ಆ ಒಂದು ಉತ್ತರಕ್ಕೆ ಜೋತುಬಿದ್ದಿತ್ತು.

ಶುಕ್ರವಾರ ಮಧ್ಯಾಹ್ನ ಅಕ್ಕ ಫೋನ್ ಮಾಡಿ ಕರೆದಳು. ಹೋದರೆ ಭಾವ ಬೆವೆತು ಕೂತಿದ್ದರು. ಕೆಲವು ದಿನಗಳಿಂದ ಅವರ ಬಲಗೈ ಸಣ್ಣಗೆ ನಡುಗುತ್ತಿತ್ತಂತೆ. ನಮಗೆ ಯಾರಿಗೂ ತಿಳಿಯದ್ದು ಯಂತ್ರಕ್ಕೆ ತಿಳಿದಿತ್ತು. ನನ್ನೆದುರೇ ಒಂದು ಸಾಲು ಹೊಡೆದರು.

'ನೀವು ಅವರಲ್ಲ.'

ನನಗೆ ಪಿತ್ತ ನೆತ್ತಿಗೇರಿತು. "ಮಾಡಿದವರನ್ನೇ ಹೊರಗೆ ಹಾಕುತ್ತಲ್ಲ ಭಾವ, ಸುತ್ತಿಗೆ ಎಲ್ಲಿದೆ ಹೇಳಿ."

"ಬಿಡೋ. ಅದು ಸರಿಯಾಗೇ ಕೆಲಸ ಮಾಡ್ತಿದೆ," ಎಂದರು. ಆ ಮಾತು ಹೇಳುವಾಗ ಅವರ ಮುಖ ನೋಡಲಾಗಲಿಲ್ಲ.

ಅಕ್ಕ ಒದ್ದೆ ಕೈ ಒರೆಸಿಕೊಂಡು ಬಂದಳು. "ಸ್ವಲ್ಪ ಏಳಿ," ಎಂದು ಅವರ ಕುರ್ಚಿಯಲ್ಲಿ ಕೂತಳು. ಮದುವೆಗೆ ಮುಂಚೆ ಅವಳು ಟೈಪಿಂಗ್ ಕಲಿತಿದ್ದಳು. ಆಮೇಲೆ ಕೀಬೋರ್ಡ್ ಮುಟ್ಟಿದ್ದನ್ನು ನಾನಂತೂ ಕಂಡಿಲ್ಲ. ಬೆರಳು ಆಡತೊಡಗಿದ್ದೇ ನಾನು ಭಾವನ ಕಡೆ ತಿರುಗಿದೆ. ಸದ್ದು ಅವರದು. ಎರಡು ಬೇಗ, ಒಂದು ನಿಧಾನ, ಸಾಲಿನ ಕೊನೆಗೆ ಉಸಿರು ಹಿಡಿದ ಹಾಗೆ ಒಂದು ತಡೆ. ಅವರ ಕೈಗಳೋ, ಹೊಟ್ಟೆಗೆ ಒತ್ತಿಕೊಂಡು ಸುಮ್ಮನಿದ್ದವು.

'ಬನ್ನಿ' ಎಂದು ಪರದೆ ತೆರೆಯಿತು.

"ಗೋಡೆ ಆಚೆ ನಿಂತು ದಿನಾ ಕೇಳ್ತಿದ್ದೆನಲ್ಲ," ಎಂದಳು ಅಕ್ಕ. ಯಾರೂ ಹೇಳದೆಯೇ ಉತ್ತರ ಬರೆಯತೊಡಗಿದಳು. ಭಾವನ ಮಾತಿನ ವರಸೆ, ಭಾವನ ವಿನಯ. ಕೊನೆಯ ಸಾಲು: 'ಈ ಬೀಗ ನನ್ನ ಹೊರತು ಇನ್ಯಾರಿಗೂ ತೆರೆಯುವುದಿಲ್ಲ.'

"ಅದು ಸುಳ್ಳಾಯ್ತಲ್ಲೇ. ನೀನು ತೆಗೆದ್ಯಲ್ಲ. ಆ ಸಾಲು ಅಳಿಸು," ಎಂದರು ಭಾವ.

ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ಭಾವ ತಾವೇ ಬಗ್ಗಿ ಕೈ ಚಾಚಿದರು. ನಡುಗುವ ಬೆರಳು ಎರಡೆರಡು ಸಲ ಬಿತ್ತು. ಪರದೆ ಕಪ್ಪಾಯಿತು.

'ನೀವು ಅವರಲ್ಲ.'

"ನಿಧಾನ ಕಣೋ," ಎಂದಳು ಅಕ್ಕ. ಗಂಡನನ್ನು ಅವಳು ಹಿಂದೆಂದೂ ಹಾಗೆ ಕರೆದದ್ದೇ ಇಲ್ಲ. ಮತ್ತೆ ಒಂದು ಸಾಲು ಹೊಡೆದಳು, ಮತ್ತೆ ತೆರೆಯಿತು. ಬರೆದದ್ದು ಬರೆದಂತೆಯೇ ಇತ್ತು.

"ಬೀಗ ಕೆಟ್ಟಿದೆ ಅಂತ ಬರಿ," ಭಾವ ಗೋಗರೆದರು.

"ಕೆಟ್ಟಿಲ್ಲ," ಎಂದು ಅವಳು ಕಳಿಸುವ ಗುಂಡಿ ಒತ್ತಿದಳು.

ಭಾವ ಹಿಂದೆ ಸರಿದು ಬಾಗಿಲ ಪಕ್ಕ ನಿಂತರು, ಆ ಮನೆಯವರನ್ನು ಕಾಣಲು ಬಂದವರ ಹಾಗೆ.