ತಮ್ಮನಿಗೆ ಮದುವೆಯ ಕೋಟು

ಅಕ್ಕನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ದಿನವಿಡೀ ಹಾಸಿಗೆಯ ಚಾದರಗಳನ್ನು ಉಗಿಯ ಇಸ್ತ್ರಿಗೆ ಒಡ್ಡುವುದು, ಎಳೆಯುವುದು, ಮಡಚುವುದು. ಮುಂಗೈಗಳ ತುಂಬ ಸುಟ್ಟ ಕಲೆ. ತಾಯಿ ಹೋದಾಗ ತಮ್ಮ ಇನ್ನೂ ಶಾಲೆಯಲ್ಲಿದ್ದ. ಅಂದಿನಿಂದ ಅವನ ಪಾಲಿಗೆ ಅಮ್ಮನೂ ಅವಳೇ, ಕಿವಿ ಹಿಂಡುವ ಅಪ್ಪನೂ ಅವಳೇ. ತನ್ನನ್ನು ಕೇಳಿಕೊಂಡು ಬಂದವರಿಗೆಲ್ಲ “ಮೊದಲು ಇವನೊಂದು ದಡ ಸೇರ್ಲಿ” ಎನ್ನುತ್ತ ಬಂದಳು. ಹಾಗೆ ಹೇಳುತ್ತ ಹೇಳುತ್ತ ಕೇಳುವವರೇ ಇಲ್ಲವಾದರು.

ತಮ್ಮ ಕಾರ್ಖಾನೆಯ ಕೆಲಸಗಾರರನ್ನು ಕರೆದೊಯ್ಯುವ ಬಸ್ಸಿನ ಡ್ರೈವರ್ ಆದ. ಮಾತು ಬಲು ಕಡಿಮೆ. ಡಿಪೋದಲ್ಲಿ ಅವನನ್ನು ‘ಸೈಲೆನ್ಸರ್’ ಎಂದೇ ಕರೆಯುತ್ತಿದ್ದರು. ಅವನು ಅದಕ್ಕೂ ನಕ್ಕು ಸುಮ್ಮನಾಗುತ್ತಿದ್ದ.

ಆಸ್ಪತ್ರೆಯ ಎದುರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯನ್ನು ಹುಡುಕಿದ್ದು ಅಕ್ಕನೇ. ಕಿವಿ ಕೇಳದ ಮುದುಕರಿಗೂ ಸಿಡುಕದೆ, ಯಾವ ಮಾತ್ರೆ ಯಾವಾಗ ಎಂದು ಮತ್ತೆ ಮತ್ತೆ ಹೇಳಿ ಕಳಿಸುತ್ತಿದ್ದಳು. ಅಕ್ಕನ ಮನಸ್ಸಿಗೆ ಅದು ನಾಟಿತು. ತಮ್ಮ ಮೊದಲು ಬೇಡ ಎಂದ. ಆಮೇಲೆ ಈಗ ಬೇಡ ಎಂದ. ಅಕ್ಕ ಅತ್ತಳು, ರೇಗಿದಳು, ಊಟ ಬಿಟ್ಟಳು. ಕೊನೆಗೆ ಅವನು “ನಿನ್ನಿಷ್ಟ” ಎಂದ. ಎರಡು ಸಲ ಹುಡುಗಿಯ ಜೊತೆ ಕೂತು ಮಾತಾಡಿ ಬಂದ ಮೇಲೆ ಅವನ ಮುಖದಲ್ಲಿ ಏನೋ ಕಳೆ ಕಂಡಿತ್ತು. ಒಪ್ಪಿಗೆ ಅಂದರೆ ಅದೇ ಎಂದು ಅಕ್ಕ ತಿಳಿದಳು.

ಮದುವೆಗೆ ಕೋಟು ಕೊಳ್ಳಲು ಹೊರಟ ದಿನ ಮಾತ್ರ ಅವನ ಕಾಲೇ ಏಳಲಿಲ್ಲ. ಇದ್ದ ಶರ್ಟೇ ಸಾಕು ಎಂದ, ತಲೆನೋವು ಎಂದ. ಅಕ್ಕ ಕೈಹಿಡಿದು ಎಳೆದುಕೊಂಡೇ ಹೋದಳು.

ಉದ್ದನೆಯ, ಇಕ್ಕಟ್ಟಾದ ಅಂಗಡಿ. ಎರಡೂ ಗೋಡೆಗೆ ಮಾಡಿನವರೆಗೆ ಬಟ್ಟೆಯ ಥಾನುಗಳು. ಗಲ್ಲಾದ ಮೇಲೊಂದು ಟ್ಯೂಬ್‌ಲೈಟು, ಒಳಗೆ ಹೋದಂತೆ ಮಬ್ಬು. ಬಾಯಿಬಡುಕ ಅಂಗಡಿಯವನು ಒಂದರ ಮೇಲೊಂದು ಕೋಟು ಹರಡಿದ.

“ನೀಲಿ ನೋಡಿ ಸಾರ್, ಬೂದಿ ನೋಡಿ. ಬಿಸ್ಕತ್ತಿನ ಬಣ್ಣ ಈಗ ಜೋರು.”

“ಯಾವುದಾದ್ರೂ ಆಗುತ್ತೆ.”

“ಕಟ್ಕೊಳ್ಳೋಳೂ ಯಾವಳಾದ್ರೂ ಆಗುತ್ತಾ?” ಎಂದು ಅಕ್ಕ ರೇಗಿದಳು. “ಮದುವೆ ಬಟ್ಟೆ ತಗೊಳ್ಳೋಕೆ ಬಂದಿದ್ದೀಯೋ, ಹೆಣ ಹೊರೋಕೆ ಬಂದಿದ್ದೀಯೋ?”

ಅಂಗಡಿಯವನು ಹಲ್ಲು ಕಿರಿದ. “ಬಿಡಿ ಅಮ್ಮಾ, ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ದಿನಾ ನೋಡ್ತೀನಿ ಇಂಥೋರನ್ನ.” ಹಾಗೆನ್ನುತ್ತಲೇ ಪಕ್ಕದಿಂದ ಬೂದಿ ಬಣ್ಣದ ಕೋಟನ್ನು ತಮ್ಮನತ್ತ ಚಾಚಿದ.

ತಮ್ಮ ಅದನ್ನು ಹಿಡಿಯಲಿಲ್ಲ. ನೆಟ್ಟಗೆ ನೋಡುತ್ತಲೇ ನಿಂತಿದ್ದ. ಅಂಗಡಿಯವನು “ಸಾರ್” ಎಂದ ಮೇಲೆ ಕತ್ತನ್ನು ಪೂರ್ತಿ ಹೊರಳಿಸಿ, ಕೋಟನ್ನು ಹುಡುಕಿ ಕಂಡವನಂತೆ ತೆಗೆದುಕೊಂಡ. ಅಕ್ಕ ಅದನ್ನೂ ಹಟ ಅಂದುಕೊಂಡಳು.

ತೊಟ್ಟು ನೋಡುವ ಕೋಣೆ ಅಂಗಡಿಯ ಹಿಂದಿತ್ತು, ಎರಡು ಮೆಟ್ಟಿಲು ಕೆಳಗೆ. ತಮ್ಮ ಮುಂದೆ ಹೋದ. ಮೆಟ್ಟಿಲ ಹತ್ತಿರ ಅವನ ಹೆಜ್ಜೆ ಸಣ್ಣದಾಯಿತು. ಎಡಗೈ ಗೋಡೆಗೆ ಹೋಯಿತು. ಕಾಲಿನ ತುದಿಯಿಂದ ಮೆಟ್ಟಿಲ ಅಂಚನ್ನು ಮುಟ್ಟಿ ಮುಟ್ಟಿ ಇಳಿದ. ಅರೆ ಸರಿದ ಪರದೆಯೊಳಗೆ ಕೋಟು ತಗುಲಿಹಾಕಲು ಗೋಡೆಯ ಮೇಲೆ ಅಂಗೈ ಆಡಿಸುತ್ತ ಮೊಳೆ ಹುಡುಕಿದ. ಮೊಳೆ ಅವನ ಭುಜದ ಪಕ್ಕದಲ್ಲೇ ಇತ್ತು.

ಈ ನಡಿಗೆಯನ್ನು ಅಕ್ಕ ಚಿಕ್ಕಂದಿನಲ್ಲಿ ನೋಡಿದ್ದಳು. ಅವರ ಸೋದರಮಾವ ಹೀಗೆಯೇ ಗೋಡೆ ಸವರಿಕೊಂಡು ನಡೆಯುತ್ತಿದ್ದ, ಕೋಳಿಯಂತೆ ಕತ್ತು ಹೊರಳಿಸಿ ನೋಡುತ್ತಿದ್ದ. ಮೊದಲು ಸಂಜೆ ಹೊತ್ತು ಕಾಣದಾಯಿತು, ಆಮೇಲೆ ಅಕ್ಕಪಕ್ಕ ಕಾಣದಾಯಿತು. ನಡುವಯಸ್ಸಿಗೆ ಪೂರ್ತಿ ಕತ್ತಲಾಗಿ, ಯಾರದೋ ಮನೆಯ ಮೂಲೆಯಲ್ಲಿ ಕೂತು ಸತ್ತ.

ಅವಳು ಪರದೆ ಸರಿಸಿ ಒಳಗೆ ಹೋದಳು.

“ಎಷ್ಟು ದಿನದಿಂದ?”

ತಮ್ಮ ಏನೆಂದು ಕೇಳಲಿಲ್ಲ. “ಎರಡು ವರ್ಷ ಆಯ್ತಕ್ಕಾ. ದೊಡ್ಡ ಡಾಕ್ಟರಿಗೂ ತೋರಿಸಿದೆ. ಮಾವನದ್ದೇ. ಔಷಧಿ ಇಲ್ಲ.”

“ಅಯ್ಯೋ, ಬಸ್ ಓಡಿಸ್ತಿದ್ದೀಯಲ್ಲೋ!”

“ಇಲ್ಲ. ಬಿಟ್ಟುಬಿಟ್ಟೆ. ಒಂದಿನ ಪಕ್ಕದಲ್ಲಿ ಸೈಕಲ್ ಮೇಲೆ ಒಬ್ಬ ಹೆಂಗಸು ಬರ್ತಿದ್ಲು. ಕಾಣ್ಲಿಲ್ಲ. ಬಸ್ಸಿನಲ್ಲಿದ್ದೋರೆಲ್ಲ ಕೂಗಿದ್ರು, ಬ್ರೇಕ್ ಒತ್ತಿದೆ. ಬದುಕಿಕೊಂಡ್ಳು. ಅವತ್ತೇ ಕೀ ಕೊಟ್ಟುಬಿಟ್ಟೆ. ಈಗ ಡಿಪೋದಲ್ಲಿ ಟೈರ್ ಬಿಚ್ಚೋ ಕೆಲಸ.”

ದಿನಾ ಬೆಳಿಗ್ಗೆ ಡ್ರೈವರಿನ ಅದೇ ಖಾಕಿ ತೊಟ್ಟು ಹೊರಡುತ್ತಿದ್ದ. ಅದಕ್ಕೆ ಅಕ್ಕನೇ ಇಸ್ತ್ರಿ ಹಾಕಿ ಕೊಡುತ್ತಿದ್ದಳು.

“ಹುಡುಗಿಗೆ ಗೊತ್ತಾ?”

“ಎರಡು ಸಲವೂ ಹೇಳ್ಬೇಕು ಅಂತಾನೇ ಹೋದೆ. ನಗ್ತಾ ಮಾತಾಡಿದ್ಲು. ಬಾಯಿ ಬರ್ಲಿಲ್ಲ.”

ಪರದೆಯಾಚೆಯಿಂದ ಅಂಗಡಿಯವನು “ಅಳತೆ ಸರಿ ಇದೆಯಾ ಅಮ್ಮಾ?” ಎಂದು ಕೇಳಿದ. ಅಕ್ಕ ಕಣ್ಣೊರೆಸಿಕೊಂಡು ತಮ್ಮನಿಗೆ ಕೋಟು ತೊಡಿಸಿ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಭುಜ ಸರಿಯಾಗಿ ಕೂತಿತ್ತು. “ಸರಿ ಇದೆ, ಕಟ್ಟಿಕೊಡಿ” ಎಂದಳು.

ಮನೆಗೆ ಬಂದು ಪೊಟ್ಟಣ ಕೆಳಗಿಟ್ಟವಳೇ ಬಾಗಿಲು ಹಾಕಿದಳು.

“ನೋಡು, ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಸುಳ್ಳೂ ಹೇಳು ಅಂತಿಲ್ಲ, ಸುಮ್ಮನಿರು ಅಂತಿದ್ದೀನಿ. ಸುಮ್ಮನಿರೋದು ನಿನಗೆ ಹೊಸದಾ?”

“ಅವಳು ಏನು ತಪ್ಪು ಮಾಡಿದ್ಲಕ್ಕಾ?”

“ನಾನೇನು ತಪ್ಪು ಮಾಡಿದ್ದೆ? ನಾಳೆ ನಾನು ಕಣ್ಣು ಮುಚ್ಚಿದ್ರೆ ನಿನಗೊಂದು ಲೋಟ ನೀರು ಕೊಡೋರು ಯಾರೋ? ಮಾವನ ಗತಿ ನೋಡಿದ್ದೀಯಲ್ಲ!”

“ಅದಕ್ಕೆ ನೀರು ಕೊಡೋಕೆ ಅಂತ ಒಬ್ಬಳನ್ನ ಮೋಸ ಮಾಡಿ ಕರ್ಕೊಂಡು ಬರೋದಾ?”

ಅಕ್ಕ ಅವನ ಕೆನ್ನೆಗೆ ಹೊಡೆದಳು. ಏಟು ಪಕ್ಕದಿಂದ ಬಂತು. ಅವನು ಕಣ್ಣು ಕೂಡ ಮಿಟುಕಿಸಲಿಲ್ಲ. ಕೈ ಬರುವುದು ಅವನಿಗೆ ಕಂಡೇ ಇರಲಿಲ್ಲ. ಅದು ತಿಳಿದಾಗ ಅವಳು ನೆಲದ ಮೇಲೆ ಕುಸಿದು ಕೂತಳು. ಅವನು ಪಕ್ಕದಲ್ಲಿ ಕೂತ.

ಮರುದಿನ ಅವನು ಒಬ್ಬನೇ ಔಷಧಿ ಅಂಗಡಿಗೆ ಹೋಗಿ, ಗಿರಾಕಿಗಳು ಕರಗುವವರೆಗೆ ಕಾದು, ಹುಡುಗಿಗೆ ಎಲ್ಲವನ್ನೂ ಹೇಳಿ ಬಂದ. ವಾರ ಕಳೆದ ಮೇಲೆ ಹುಡುಗಿ ತಾನೇ ಮನೆಗೆ ಬಂದಳು. ಕೊಟ್ಟ ಟೀಯನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡಿದ್ದಳು.

“ಮನೇಲಿ ಬೇಡ ಅಂದ್ರು. ಅವರನ್ನ ಒಪ್ಪಿಸ್ಬಹುದಿತ್ತೇನೋ. ಆದ್ರೆ ನನ್ನನ್ನೇ ಕೇಳ್ಕೊಂಡೆ, ನನಗೆ ಅಷ್ಟು ಧೈರ್ಯ ಇಲ್ಲ. ಕ್ಷಮಿಸಿ. ಇವರು ಒಳ್ಳೆಯವರು.”

“ಒಳ್ಳೆಯವನು” ಎಂದಳು ಅಕ್ಕ, ಬೈಗುಳದಂತೆ.

“ಅಕ್ಕಾ, ಬಿಡು” ಎಂದ ತಮ್ಮ. ಬಾಗಿಲವರೆಗೆ ಹೋಗಿ ಹುಡುಗಿಯನ್ನು ಕಳಿಸಿಬಂದ. ಆಮೇಲೆ ಎಷ್ಟೋ ಹೊತ್ತು ಹೊಸ್ತಿಲಲ್ಲೇ ನಿಂತಿದ್ದ.

ಹುಡುಗಿಗೆ ಬೇರೆ ಕಡೆ ಮದುವೆಯಾಯಿತು. ಅಕ್ಕ ಕೆಲಸಕ್ಕೆ ಆಸ್ಪತ್ರೆಯ ಹಿಂಬಾಗಿಲಿನಿಂದ ಹೋಗತೊಡಗಿದಳು. ಅವನು ಮಾಡಿದ್ದು ಸರಿ ಎಂದು ಅವಳು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ಜಗಳ ಬಂದಾಗಲೆಲ್ಲ “ಹರಿಶ್ಚಂದ್ರ” ಎಂದು ಚುಚ್ಚುತ್ತಿದ್ದಳು. ಆದರೆ ಮನೆಯಲ್ಲಿ ಕುರ್ಚಿಯನ್ನಾಗಲಿ ಬಿಂದಿಗೆಯನ್ನಾಗಲಿ ಇದ್ದಲ್ಲಿಂದ ಒಂದು ಗೇಣೂ ಸರಿಸುತ್ತಿರಲಿಲ್ಲ.

ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ, ಕಿಟಕಿಯಿಂದ ಬಿಸಿಲು ಹಾಸಿಗೆಯ ಮೇಲೇ ಬಿದ್ದಿರುವಾಗ, ತಮ್ಮ ಎದ್ದು ಕೂತು ಕೇಳಿದ:

“ಅಕ್ಕಾ, ಇನ್ನೂ ಬೆಳಗಾಗಿಲ್ವಾ?”

ಅಕ್ಕ “ಇಲ್ಲ ಕಣೋ, ಇನ್ನೂ ಕತ್ತಲಿದೆ. ಮಲಗು” ಎಂದಳು.

ಹೊರಗೆ ಮಕ್ಕಳು ಶಾಲೆಗೆ ಹೋಗುವ ಗಲಾಟೆ. ಅವನು ಸ್ವಲ್ಪ ಹೊತ್ತು ಅದನ್ನೇ ಕೇಳಿಸಿಕೊಂಡ. ಆಮೇಲೆ ಅವಳು ಹೇಳಿದಂತೆ ಗೋಡೆಯ ಕಡೆ ತಿರುಗಿ ಮಲಗಿದ. ಅಕ್ಕ ಅಂದು ಕೆಲಸಕ್ಕೆ ಹೋಗಲಿಲ್ಲ.