ಅರ್ಧ ಚೀಟಿ

ನಮ್ಮ ಅಜ್ಜಿಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಸತ್ತವರ ಬಗ್ಗೆ ಹೀಗೆಲ್ಲ ಬರೆಯಬಾರದು ಎನ್ನುವವರು ಈ ಪುಟ ಮಗುಚಿ ಮುಂದೆ ಹೋಗಲಿ. ಪಡಿ ಚೀಟಿ ಬರೆಯಲು ಬಂದ ಗುಮಾಸ್ತನನ್ನೂ ಕ್ಷಮಿಸಿಲ್ಲ, ಅವನನ್ನು ಆ ಕೆಲಸಕ್ಕೆ ಕಳಿಸಿದ ಸರ್ಕಾರವನ್ನೂ ಕ್ಷಮಿಸಿಲ್ಲ. ಈ ಸಾಲಿನಲ್ಲಿ ಇನ್ನೂ ಒಬ್ಬರಿದ್ದಾರೆ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನ್ಯಾಮತಿಯಲ್ಲಿ ಒಂದು ಬಟ್ಟೆ ಅಂಗಡಿಯ ಜಗಲಿಯ ಮೇಲೆ ಅಪ್ಪನ ಹೊಲಿಗೆ ಮಿಷನ್ನು ಇತ್ತು. ನಮಗೆ ಗೇಣಗಲ ಹೊಲವಿರಲಿಲ್ಲ. ಹೊಲವಿದ್ದವರು ಯುದ್ಧದ ಕಾಲದಲ್ಲಿ ಲೆವಿ ಎಂದು ಸರ್ಕಾರಕ್ಕೆ ಕಾಳು ಅಳೆದುಕೊಟ್ಟು, ಬಾಯಿಗೆ ಬಂದಂತೆ ಬೈದು, ಉಳಿದದ್ದನ್ನು ನೆಲದೊಳಗಿನ ಹಗೇವಿನಲ್ಲಿ ಬಚ್ಚಿಟ್ಟು ಉಂಡರು. ನಾವು ಏನನ್ನು ಬಚ್ಚಿಡಬೇಕು? ಕತ್ತರಿಯನ್ನೇ? ಬಟ್ಟೆಯೂ ಸಿಗದಂತಾಗಿ ಮಿಷನ್ನು ವಾರಕ್ಕೆ ಎರಡು ದಿನ ತಿರುಗಿದರೆ ಹೆಚ್ಚು. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ನಾನು, ನನ್ನ ತಂಗಿ. ಐದು ಹೊಟ್ಟೆಗಳೂ ಪಡಿ ಡಿಪೋದ ಮುಗ್ಗಲು ಜೋಳವನ್ನೇ ನಂಬಿಕೊಂಡಿದ್ದವು.

ಅಜ್ಜಿಗೆ ಒಂದು ಚಾಳಿ ಇತ್ತು. ಅವಳೊಬ್ಬಳಿಗೇ ಅಲ್ಲ, ನಮ್ಮ ಕೇರಿಯ ಹೆಂಗಸರಿಗೆಲ್ಲ ಇತ್ತು. ಹೆಣ್ಣುಮಕ್ಕಳ ವಯಸ್ಸನ್ನು ಯಾರೇ ಕೇಳಲಿ, ಎರಡು ಮೂರು ವರ್ಷ ಇಳಿಸಿಯೇ ಹೇಳುವುದು. ಗಂಡಿನ ಕಡೆಯವರ ಕಿವಿಗೆ ಬೀಳುವಾಗ ಹುಡುಗಿ ಇನ್ನೂ ಎಳೆಯವಳಾಗಿರಬೇಕಲ್ಲ, ಅದಕ್ಕೆ. ಬಳೆಗಾರ ಕೇಳಿದರೂ ಇಳಿಸುವುದು, ಶಾಲೆಯ ಮೇಷ್ಟ್ರು ಕೇಳಿದರೂ ಇಳಿಸುವುದು. ನಾಲಿಗೆಗೆ ಅದೇ ರೂಢಿಯಾಗಿ ಹೋಗಿತ್ತು. ತಂಗಿಗಂತೂ ಅಜ್ಜಿ ಹೇಳಿದ್ದೇ ತನ್ನ ವಯಸ್ಸು.

ನನಗಾದರೋ ನಿಜ ಗೊತ್ತಿತ್ತು. ಊರಿಗೆ ಪ್ಲೇಗು ಬಂದು ಎಲ್ಲರೂ ಹೊರಗೆ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ವರ್ಷ, ಆ ಗುಡಿಸಲಿನಲ್ಲೇ ತಂಗಿ ಹುಟ್ಟಿದ್ದು. ನಾನು ನಾಲ್ಕು ವರ್ಷದವಳು, ತಟ್ಟಿಯ ಸಂದಿಯಿಂದ ಇಣುಕಲು ಹೋಗಿ ಬೆನ್ನಿಗೆ ಗುದ್ದು ತಿಂದಿದ್ದೆ. ಪ್ಲೇಗಿನ ವರ್ಷದಿಂದ ಎಣಿಸಿದರೆ, ಪಡಿ ಗುಮಾಸ್ತ ಬಂದಾಗ ತಂಗಿಗೆ ಹತ್ತು, ನನಗೆ ಹದಿನಾಲ್ಕು. ಅಜ್ಜಿಯ ಬಾಯಲ್ಲಿ ಅವಳಿಗೆ ಏಳು, ನನಗೆ ಹನ್ನೊಂದು. ನಡುವಿನ ನಾಲ್ಕು ವರ್ಷದ ಅಂತರ ಊರಿಗೆಲ್ಲ ಗೊತ್ತಿದ್ದದ್ದು, ಅವಳಿಗೆ ಒಂದು ವರ್ಷ ಏರಿಸಿದರೆ ನನಗೂ ಒಂದು ಏರಿಸಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗುಮಾಸ್ತ ಹೊನ್ನಾಳಿಯಿಂದ ಬಂದ. ಬೋಳು ತಲೆ, ಕಂಕುಳಲ್ಲಿ ಛತ್ರಿ, ಕೈಯಲ್ಲಿ ಒಂದು ಬಿದಿರು ಕೋಲು. ಎಂಟು ತುಂಬಿದವರಿಗೆ ಪೂರ್ತಿ ಚೀಟಿ, ತುಂಬದವರಿಗೆ ಅರ್ಧ. ಹುಟ್ಟಿದ ದಿನ ಬರೆದಿಟ್ಟುಕೊಂಡವರು ನಮ್ಮ ಕೇರಿಯಲ್ಲಿ ಯಾರಿದ್ದರು? ಬಾಯಿಮಾತನ್ನು ನಂಬುವುದಿಲ್ಲ ಎಂದು ಅವನು ಕೋಲಿನ ಮೇಲೆ ಒಂದು ಗೀಟು ಕೊರೆದುಕೊಂಡಿದ್ದ. ಗೀಟಿಗಿಂತ ಎತ್ತರವಿದ್ದರೆ ಎಂಟು ತುಂಬಿದೆ, ಕೆಳಗಿದ್ದರೆ ತುಂಬಿಲ್ಲ. ಆಹಾ, ಎಂಥಾ ಬುದ್ಧಿವಂತ! ಮಾರುಕಟ್ಟೆಯಲ್ಲಿ ಕುರಿ ಕೊಳ್ಳುವವನು ಕೂಡ ಒಮ್ಮೆ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ.

ಅಜ್ಜಿ ಜಗಲಿಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದಳು.

"ಈ ಹುಡುಗಿಗೆ ಎಷ್ಟಜ್ಜಿ?" ಎಂದ ಗುಮಾಸ್ತ.

"ಏಳು ನಡೀತೈತ್ರೀ," ಎಂದಳು ಅಜ್ಜಿ, ತಲೆ ಕೂಡ ಎತ್ತದೆ.

ಒಳಗಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಹತ್ರೀ, ಹತ್ತು! ಅತ್ತೆಗೆ ಮರೆವು. ಹತ್ತು ತುಂಬೈತೆ!"

ಗುಮಾಸ್ತ ನಕ್ಕ. ಆ ನಗುವಿಗೆ ನಾನು ಇವತ್ತೂ ಶಾಪ ಹಾಕುತ್ತೇನೆ. "ಜೋಳ ಅಂದ ಕೂಡ್ಲೆ ಮೂರು ವರ್ಷ ದೊಡ್ಡೋಳಾಗಿಬಿಟ್ಲೇನಮ್ಮ? ಬಾರೇ ಇಲ್ಲಿ," ಎಂದು ತಂಗಿಯನ್ನು ಬಾಗಿಲವಾಡಕ್ಕೆ ಒರಗಿಸಿ ಕೋಲು ನಿಲ್ಲಿಸಿದ. ಅವಳ ನೆತ್ತಿ ಗೀಟಿಗಿಂತ ಎರಡು ಬೆರಳು ಕೆಳಗಿತ್ತು. ಹಿಮ್ಮಡಿ ಎತ್ತಲು ನೋಡಿದಳು, ಪಾಪ. ಅವನು ಛತ್ರಿಯ ತುದಿಯಿಂದ ಅವಳ ಕಾಲು ಒತ್ತಿದ. ಅರ್ಧ ಎಂದು ಬರೆದುಕೊಂಡ. ಅವ್ವ ಹತ್ತು ಅಂದದ್ದು ಜೋಳಕ್ಕಾಗಿ ಹೇಳಿದ ಸುಳ್ಳೆಂದೇ ತಂಗಿಯೂ ನಂಬಿದಳು. ಎದುರು ಮನೆಯ ಕಿರಾಣಿ ಅಂಗಡಿಯವರ ಮಗನಿಗೆ ನಿಜವಾಗಿಯೂ ಏಳು ವರ್ಷ. ತುಪ್ಪ ಕಂಡ ಮೈ, ಗೀಟು ದಾಟಿ ನಿಂತ. ಅವನಿಗೆ ಪೂರ್ತಿ ಚೀಟಿ ಸಿಕ್ಕಿತು.

ಹೊಟ್ಟೆಗಿಲ್ಲದೆ ಗಿಡ್ಡಗಾದವಳಿಗೆ ಗಿಡ್ಡಗಿದ್ದಾಳೆಂದು ಅರ್ಧ ಕೊಟ್ಟರು. ಅರ್ಧ ಕೊಟ್ಟದ್ದಕ್ಕೆ ಅವಳು ಗಿಡ್ಡಗೇ ಉಳಿದಳು. ಇದನ್ನು ಆಡಳಿತ ಎನ್ನುತ್ತಾರಂತೆ.

ಅಪ್ಪ ಮೂರು ಸಲ ಹೊನ್ನಾಳಿಗೆ ನಡೆದು ಹೋಗಿ ಬಂದರು. ಮೊದಲನೇ ಸಲ ಪಡಿ ಕಚೇರಿಯ ಸಾಹೇಬರು ಇರಲಿಲ್ಲ. ಎರಡನೇ ಸಲ ಇದ್ದರು, ಮಾತಾಡಲಿಲ್ಲ. ಮೂರನೇ ಸಲ ಶಾಲೆಯಿಂದ ವಯಸ್ಸು ಬರೆಸಿಕೊಂಡು ಬಾ ಎಂದರು. ಶಾಲೆಯಲ್ಲಿ ಏನು ಬರೆದಿತ್ತು? ಏಳು. ಬರೆಸಿದವಳು ಯಾರು? ನಮ್ಮ ಅಜ್ಜಿ.

ಮನೆಯಲ್ಲಿ ಬಡಿಸುವವಳೂ ಅಜ್ಜಿಯೇ. "ಚೀಟಿಲಿ ಬಂದಷ್ಟೇ ತಟ್ಟೆಗೆ" ಎಂಬುದು ಅವಳ ಕಾನೂನು. ಅಪ್ಪನಿಗೆ ಎರಡು ರೊಟ್ಟಿ, ನನಗೆ ಒಂದು, ತಂಗಿಗೆ ಅರ್ಧ. ಅವ್ವ ತನ್ನದರಲ್ಲಿ ಮುರಿದು ಕೊಡಲು ಹೋದರೆ, "ದುಡಿಯೋಳು ನೀನು ಬಿದ್ದುಹೋದ್ರೆ ಐದೂ ಜನ ಬೀದಿಗೆ ಬೀಳ್ತೀವಿ. ಸರ್ಕಾರನೇ ಅರ್ಧ ಅಂದೈತೆ, ನಾನೇನ್ ಮಾಡ್ಲಿ?" ಎನ್ನುವಳು. ಅಜ್ಜಿ ತಾನು ಉಣ್ಣುತ್ತಿದ್ದದ್ದು ಗಂಜಿಯ ತಿಳಿ, ಅದೂ ಎಲ್ಲರದ್ದೂ ಆದ ಮೇಲೆ. ಅದನ್ನೂ ಹೇಳಬೇಕು, ಹೇಳಿದ್ದೇನೆ. ಆದರೂ ಕ್ಷಮಿಸುವುದಿಲ್ಲ. ಕೇರಿಯ ಹುಡುಗಿಯರು ತಂಗಿಯನ್ನು ಅರ್ಧ ಚೀಟಿ ಎಂದೇ ಕರೆಯತೊಡಗಿದರು. ಮೊದಲು ಹಾಗೆ ಕರೆದವಳು ನಾನು. ಕುಂಟೆಬಿಲ್ಲೆಯಲ್ಲಿ ಸೋತ ಸಿಟ್ಟಿಗೆ ಕರೆದದ್ದು, ಅದೇ ಗಟ್ಟಿಯಾಯಿತು.

ಅದೇ ವರ್ಷ ದೀಪಾವಳಿ ಕಳೆದ ಮೇಲೆ ಹೆಣ್ಣುಮಕ್ಕಳ ಶಾಲೆಗೆ ಆರೋಗ್ಯ ಇಲಾಖೆಯ ಒಬ್ಬ ಹೆಂಗಸು ಬಂದಳು. ಬಿಳಿ ಸೀರೆ, ಮೈಸೂರು ಕಡೆಯ ಮಾತು. ಸೊರಗಿದ ಮಕ್ಕಳಿಗೆ ದಿನಾ ಒಂದು ಲೋಟ ಹಾಲು, ಹಿಡಿ ಹುರಿಗಡಲೆ ಕೊಡಬೇಕೆಂದು ಸರ್ಕಾರ ಹೊಸದಾಗಿ ಗೊತ್ತುಮಾಡಿತ್ತು. ಹೌದು, ಅದೇ ಸರ್ಕಾರ! ಬಲಗೈಯಲ್ಲಿ ಕಿತ್ತುಕೊಂಡದ್ದು ಎಡಗೈಗೆ ಗೊತ್ತಿರಲಿಲ್ಲ. ಅವಳ ಹತ್ತಿರ ಒಂದು ತಕ್ಕಡಿ, ಒಂದು ಅಳತೆಪಟ್ಟಿ, ಗೋಡೆಗೆ ತೂಗುಹಾಕಿದ ಒಂದು ಹಾಳೆ. ಇಂಥ ವಯಸ್ಸಿಗೆ ಇಷ್ಟು ಎತ್ತರ, ಇಷ್ಟು ತೂಕ ಎಂದು ಅದರಲ್ಲಿ ಬರೆದಿತ್ತು. ಅದಕ್ಕಿಂತ ಕಡಿಮೆಯಿದ್ದವರ ಕೈಗೆ ಕೆಂಪು ದಾರ ಕಟ್ಟುತ್ತಿದ್ದಳು. ಕೆಂಪು ದಾರದವರಿಗೆ ವರ್ಷಪೂರ್ತಿ ಹಾಲು.

ತಂಗಿ ಬೆಳಿಗ್ಗೆಯಿಂದಲೇ ಕೈ ತೊಳೆದುಕೊಂಡು ಕಾದಿದ್ದಳು. ಹಾಲು ಕುಡಿದು ಎಷ್ಟು ದಿನವಾಗಿತ್ತೋ. ಅವಳ ಸರದಿ ಬಂತು, ಅಳೆದರು, ತೂಗಿದರು. ಶಾಲೆಯ ಪುಸ್ತಕ ನೋಡಿ ಮೇಷ್ಟ್ರು ಓದಿದರು: "ವಯಸ್ಸು ಏಳು."

"ಏಳಕ್ಕೆ ಸರಿಯಾಗೇ ಇದ್ದಾಳೆ," ಎಂದಳು ಆ ಹೆಂಗಸು. "ವಯಸ್ಸಿಗೆ ತಕ್ಕ ಬೆಳವಣಿಗೆ ಇದೆ. ಹೋಗಮ್ಮ."

ತಂಗಿ ಹೋಗಲಿಲ್ಲ. ಮುಂಗೈ ಚಾಚಿಕೊಂಡು ಅಲ್ಲೇ ನಿಂತಿದ್ದಳು. ಅವಳ ಬಾಯಿ ತೆರೆದಿತ್ತು. ಆ ಹೆಂಗಸಿಗೆ ಏನೋ ಅನುಮಾನ ಬಂತು, ಗಲ್ಲ ಹಿಡಿದು ಹಲ್ಲು ನೋಡಿದಳು. "ಏಳರ ಹುಡುಗಿಗೆ ಹಾಲುಹಲ್ಲು ಉದುರಿ ಇಷ್ಟು ಹೊಸ ಹಲ್ಲು ಹುಟ್ಟಿರೋಲ್ವಲ್ಲ," ಎಂದು ಸುತ್ತ ಕಣ್ಣಾಡಿಸಿ, "ಇವಳ ಮನೆಯವರು ಯಾರಿದ್ದೀರಿ?" ಎಂದಳು.

ನಾನು ಎದ್ದು ನಿಂತೆ. ಆಗ ಅಜ್ಜಿ ಅಲ್ಲಿರಲಿಲ್ಲ. ಅಜ್ಜಿಯ ಕಾಟವಿರಲಿಲ್ಲ, ಗುಮಾಸ್ತನಿರಲಿಲ್ಲ, ಯಾವ ಕೋಲೂ ಇರಲಿಲ್ಲ. ಕೇಳುವವಳು ಕೇಳಬೇಕಾದದ್ದನ್ನೇ ಕೇಳಿದಳು: "ನೀನು ಅಕ್ಕನಾ? ನಿಜ ಹೇಳು, ಯಾರೂ ಬೈಯಲ್ಲ. ಇವಳಿಗೆ ಎಷ್ಟು ವಯಸ್ಸು?"

ಆ ವಾರ ಜಗಳೂರಿನಿಂದ ನನ್ನನ್ನು ನೋಡಲು ಬರುವವರಿದ್ದರು. ಹೊಲ, ಜೋಡಿ ಎತ್ತು, ಅಟ್ಟದ ತುಂಬ ಶೇಂಗಾ ಇದ್ದ ಮನೆ. ಹುಡುಗಿಗೆ ಹನ್ನೊಂದು ಎಂದು ಅಜ್ಜಿ ಹೇಳಿ ಕಳಿಸಿದ್ದಳು. ಮೇಷ್ಟ್ರ ಹೆಂಡತಿ ಜಗಳೂರಿನವಳೇ, ಮಾತು ಅಲ್ಲಿಗೆ ಮುಟ್ಟದೆ ಇರುತ್ತಿರಲಿಲ್ಲ. ತಂಗಿಗೆ ಹತ್ತು ಎಂದರೆ ನನಗೆ ಹದಿನಾಲ್ಕು. ಹದಿನಾಲ್ಕರ ಹೆಣ್ಣನ್ನು ಆ ಮನೆಯವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ನನಗೆ ಆ ಮನೆ ಬೇಕಾಗಿತ್ತು. ಗಂಡ ಹೇಗಿದ್ದಾನೋ ಯಾರಿಗೆ ಬೇಕಿತ್ತು? ಹೊಟ್ಟೆ ತುಂಬ ರೊಟ್ಟಿ ಬೇಕಿತ್ತು.

"ಏಳು ರೀ," ಎಂದೆ.

ಅವಳು ತಂಗಿಯ ಗಲ್ಲ ಬಿಟ್ಟಳು. ಆಮೇಲೆ ಮುಂದಿನ ಹುಡುಗಿಯನ್ನು ಕರೆದಳು. ತಂಗಿ ಚಾಚಿದ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಬಂದು ನನ್ನ ಪಕ್ಕ ಕೂತಳು. "ನಾನು ಸರಿಯಾಗಿದ್ದೀನಂತೆ ಅಕ್ಕಾ," ಎಂದಳು.

ಮೊದಲು ಹೇಳಿದ ಸಾಲಿನಲ್ಲಿ ಉಳಿದ ಒಬ್ಬರು ಯಾರೆಂದು ಈಗ ನಿಮಗೆ ತಿಳಿದಿರಬೇಕು.

ಜಗಳೂರಿನವರು ಬಂದರು, ಒಪ್ಪಿದರು, ಬೇಸಿಗೆಯಲ್ಲಿ ಮದುವೆಯಾಯಿತು. ಆ ಸೀಮೆಯಲ್ಲಿ ಮಳೆ ಕಡಿಮೆ, ನೀರಿಗೆ ಅಲೆಯಬೇಕು, ಅತ್ತೆಯ ಬಾಯಿ ಹರಿತ. ಏನಾದರೇನು, ಉಣ್ಣಲು ಯಾರೂ ಅಳೆದು ಕೊಡುತ್ತಿರಲಿಲ್ಲ. ನವಣೆ ಅನ್ನ, ಜೋಳದ ರೊಟ್ಟಿ, ಮೇಲೆ ಶೇಂಗಾ ಚಟ್ನಿ. ಎರಡು ವರ್ಷದಲ್ಲಿ ನಾನು ಗಂಡನ ಕಿವಿಯವರೆಗೆ ಬೆಳೆದೆ. ತವರಿಗೆ ಹೋದಾಗಲೆಲ್ಲ ತಂಗಿ ಓಡಿಬಂದು ನನ್ನ ಪಕ್ಕ ನಿಂತು ಎತ್ತರ ನೋಡಿಕೊಳ್ಳುವಳು. ಮೊದಲು ನನ್ನ ಭುಜಕ್ಕಿದ್ದಳು, ಆಮೇಲೆ ಅದಕ್ಕೂ ಕೆಳಗೆ ಬಂದಳು. "ನೀನು ಮಾತ್ರ ಹಿಂಗೆ ಉದ್ದ ಆಗಾಕೆ ಹತ್ತೀಯಲ್ಲೇ ಅಕ್ಕಾ," ಎಂದು ನಗುವಳು. ಸೆರಗಿನಲ್ಲಿ ಕಟ್ಟಿಕೊಂಡು ಹೋದ ಶೇಂಗಾವನ್ನು ಅವಳ ಮಡಿಲಿಗೆ ಸುರಿದು, ನೀರು ಸೇದುವ ನೆಪ ಮಾಡಿ ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಸುಳ್ಳೇಕೆ, ಅವಳ ಮೇಲೇ ಸಿಟ್ಟು ಬರುತ್ತಿತ್ತು. ಬೆಳೆಯಬಾರದೇ ಈ ಹುಡುಗಿ, ಒಂದಿಷ್ಟಾದರೂ ಬೆಳೆದು ನನ್ನನ್ನು ಬಿಟ್ಟುಬಿಡಬಾರದೇ ಎಂದು.

ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ಅಜ್ಜಿ ಸತ್ತಳು. ತಂಗಿಯನ್ನು ಚನ್ನಗಿರಿಗೆ ಕೊಟ್ಟರು. ಬಂದವರು "ಹುಡುಗಿ ಸಣ್ಣದು, ಬೆಳೀತಾಳೆ ಬಿಡಿ" ಎಂದು ಒಪ್ಪಿಕೊಂಡಿದ್ದರು. ಬೆಳೆಯಲಿಲ್ಲ. ವರ್ಷ ತುಂಬುವುದರಲ್ಲಿ ಬಸುರಿಯಾದಳು. ದಿನ ತುಂಬುವ ಹೊತ್ತಿಗೆ ಬಾ ಎಂದು ಹೇಳಿಕಳಿಸಿದ್ದರಿಂದ ನಾನು ಜಗಳೂರಿನಿಂದ ಚನ್ನಗಿರಿಗೆ ಹೋಗಿದ್ದೆ. ಎರಡು ದಿನ ನೋವು ತಿಂದಳು. ಸೂಲಗಿತ್ತಿ ಕೈಚೆಲ್ಲಿದ ಮೇಲೆ ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದೆವು.

ಡಾಕ್ಟರಮ್ಮ ಅವಳನ್ನು ನೋಡಿದವಳೇ ನಮ್ಮ ಮೇಲೆ ಹರಿಹಾಯ್ದಳು. "ಮನುಷ್ಯರೇನ್ರೀ ನೀವು? ಹದಿಮೂರು ವರ್ಷದ ಕೂಸಿಗೆ ಬಸಿರಾ?"

"ಹದಿಮೂರಲ್ಲ ರೀ, ಹದಿನಾರು," ಎಂದೆ. ನಿಜವಾದ ವಯಸ್ಸು ನನ್ನ ಬಾಯಿಂದ ಹೊರಬಿದ್ದದ್ದು ಅದೇ ಮೊದಲು.

"ಸುಳ್ಳು ಹೇಳ್ಬೇಡಿ. ಈ ಮೈ ನೋಡಿದ್ರೆ ಹದಿನಾರು ಅಂತ ಯಾರ್ರೀ ನಂಬ್ತಾರೆ?" ಎಂದು ಒಳಗೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಹೊರಗೆ ಬಂದು ತಾಯಿ ಉಳಿದಳು ಎಂದಳು. ಗಂಡು ಕೂಸು, ಉಸಿರಿರಲಿಲ್ಲ. ಅವಳ ಸಿಟ್ಟು ಇಳಿದಿತ್ತು. "ಸೊಂಟದ ಮೂಳೆಯೇ ಬೆಳೆದಿಲ್ಲ. ಚಿಕ್ಕೋಳಿದ್ದಾಗ ಯಾರೂ ಇವಳ ಹೊಟ್ಟೆಗೆ ಸರಿಯಾಗಿ ಹಾಕಿಲ್ಲ," ಎಂದಳು.

ಮೂರನೇ ದಿನ ತಂಗಿ ದಿಂಬಿಗೆ ಒರಗಿ ಕೂತಿದ್ದಳು. ನಾನು ತಲೆ ಬಾಚುತ್ತಿದ್ದೆ.

"ಅಕ್ಕಾ, ಆವತ್ತು ನೀನು ಹದಿನಾರು ಅಂದೆಯಲ್ಲ. ನೋವಿನಾಗೆ ಕೇಳಿಸ್ತು ನನಗೆ. ಖರೇನಾ?"

"ಖರೇ. ನೀನು ಹುಟ್ಟಿದ್ದು ನನಗೆ ನೆನಪೈತೆ. ಪ್ಲೇಗಿನ ವರ್ಷ, ಗುಡಿಸಲಾಗೆ."

ಅವಳು ಬೆರಳು ಮಡಚಿ ಹಿಂದಕ್ಕೆ ಎಣಿಸತೊಡಗಿದಳು. ಹದಿನಾರು, ಹದಿನೈದು, ಹದಿನಾಲ್ಕು. ಬಾಚಣಿಗೆ ನನ್ನ ಕೈಯಲ್ಲೇ ನಿಂತಿತು. ಏಳನೇ ಬೆರಳಿಗೆ ಬಂದು ಅವಳೂ ನಿಂತಳು.

"ಹಂಗಾದ್ರೆ ಬಿಳಿ ಸೀರೆಯಾಕೆ ಶಾಲೆಗೆ ಬಂದಾಗ ನನಗೆ ಹತ್ತು."

"ಹೂಂ."

"ನಿನ್ನೇ ಕೇಳಿದ್ಲಲ್ಲ ಆಕೆ."

"ನನ್ನೇ ಕೇಳಿದ್ಲು."

ಅಷ್ಟರಲ್ಲಿ ಆಯಾ ಬಂದು ಬಾಣಂತಿಯರಿಗೆಲ್ಲ ಹಾಲು ಕೊಡುತ್ತಾ ಅವಳ ಕೈಗೂ ಒಂದು ಲೋಟ ಕೊಟ್ಟು ಹೋದಳು. ತಂಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ನನ್ನ ಕಡೆ ಚಾಚಿದಳು.

"ನೀನು ಕುಡಿ ಅಕ್ಕಾ," ಎಂದಳು. "ನನ್ನ ವಯಸ್ಸಿಗೆ ನಾನು ಸರಿಯಾಗಿದ್ದೀನಿ."

ಅಷ್ಟು ಹೇಳಿ ಗೋಡೆಯ ಕಡೆ ಹೊರಳಿ ಮಲಗಿದಳು. ನಾನು ಲೋಟ ಹಿಡಿದುಕೊಂಡು ಕೂತಿದ್ದೆ. ಆಯಾ ಖಾಲಿ ಲೋಟಗಳನ್ನು ಒಯ್ಯಲು ಬಂದಾಗ ನನ್ನ ಕೈಯಲ್ಲಿದ್ದ ಹಾಲು ತಣ್ಣಗಾಗಿ ಕೆನೆ ಕಟ್ಟಿತ್ತು.