ಕಬ್ಬಿಣದ ಬಾಗಿಲಿನ ಬಗ್

ಹನ್ನೊಂದು ವರ್ಷದಿಂದ ಅವಳ ಕೆಲಸ ಗೋಡೆಗೆ ಢಿಕ್ಕಿ ಹೊಡೆಯುವುದು. ನಿಜವಾದ ಗೋಡೆಗಲ್ಲ, ವಿಡಿಯೋ ಗೇಮಿನೊಳಗಿನ ಗೋಡೆಗೆ. ಗೇಮ್ ಮಾರಾಟಕ್ಕೆ ಹೋಗುವ ಮೊದಲು ಅದರಲ್ಲಿರುವ ಒಂದೊಂದು ಗೋಡೆ, ಮೆಟ್ಟಿಲು, ಪೀಪಾಯಿಯನ್ನೂ ಬಿಡದೆ ಗುದ್ದಿ ನೋಡಬೇಕು. ಎಲ್ಲಿಯಾದರೂ ಆಟದೊಳಗಿನ ಮನುಷ್ಯ ಗೋಡೆಯೊಳಗೆ ತೂರಿಹೋದರೆ, ಮೊಣಕಾಲಿನವರೆಗೆ ನೆಲದಲ್ಲಿ ಹೂತುಹೋದರೆ, ಅದನ್ನು ಬರೆದು ಕಳಿಸಬೇಕು. ಅಂಥ ತಪ್ಪಿಗೆ ಅಲ್ಲಿ ಬಗ್ ಎನ್ನುತ್ತಾರೆ. ಎಲ್ಲ ನೆಟ್ಟಗಿದ್ದರೆ ಪಟ್ಟಿಯಲ್ಲಿ ‘ಓಕೆ’ ಎಂದು ಹಾಕಿ ಮುಂದಕ್ಕೆ ಹೋಗಬೇಕು.

ಅದಕ್ಕೂ ಮೊದಲು ಗಾರ್ಮೆಂಟ್ಸಿನಲ್ಲಿ ಅಂಗಿಗಳ ಹೊಲಿಗೆ ಬಿಟ್ಟಿದೆಯೇ ಎಂದು ನೋಡುತ್ತಿದ್ದವಳು. ಅಂಗಿ ನೋಡಿದ ಕಣ್ಣಿಗೆ ಇದೇನು ಮಹಾ ಎಂದುಕೊಂಡು ಬಂದಳು, ನಿಂತೇಬಿಟ್ಟಳು. ಇಪ್ಪತ್ತೈದು ದಾಟದ ಹುಡುಗ ಹುಡುಗಿಯರ ನಡುವೆ ಐವತ್ತರ ಹತ್ತಿರದವಳು ಇವಳೊಬ್ಬಳೇ. ಎಲ್ಲರೂ ಅಕ್ಕ ಎನ್ನುತ್ತಾರೆ. ಅಕ್ಕ ಓಕೆ ಅಂದರೆ ಮುಗಿಯಿತು, ಇನ್ನೊಬ್ಬರು ತಿರುಗಿ ನೋಡುವುದಿಲ್ಲ. ಆ ಒಂದು ಮಾತಿನ ಮೇಲೆ ಅವಳಿಗಿದ್ದ ಜಂಬ ಸಣ್ಣದಲ್ಲ. ಇರಲಿ ಬಿಡಿ, ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತದ್ದಕ್ಕೆ ಅಷ್ಟಾದರೂ ಬೇಡವೇ?

ಆಡುವ ಮೋಜು ಮಾತ್ರ ಕೇಳಬೇಡಿ. ಗೇಮ್ ಎಂದರೆ ಅವಳಿಗೆ ವಾಕರಿಕೆ. ಆಡುವವನು ಗಂಡ. ವಾರವಿಡೀ ಲಿಫ್ಟ್ ರಿಪೇರಿ ಮಾಡಿ, ಭಾನುವಾರ ಊಟವಾದ ಮೇಲೆ ಇಬ್ಬರು ಗೆಳೆಯರನ್ನು ಸೇರಿಸಿಕೊಂಡು ಮುಂದಿನ ಕೋಣೆಯಲ್ಲಿ ಟೀವಿ ಎದುರು ಠಿಕಾಣಿ ಹೂಡುತ್ತಾನೆ. ಒಬ್ಬ ಪೋಸ್ಟ್‌ಮ್ಯಾನ್. ಇನ್ನೊಬ್ಬ ದಂತವೈದ್ಯರಿಗೆ ಹಲ್ಲುಸೆಟ್ಟು ಮಾಡಿಕೊಡುವವನು. ಅವನನ್ನು ಎಲ್ಲರೂ ಹಲ್ಲುಸೆಟ್ಟು ಎಂದೇ ಕರೆಯುವುದು. ಮೂವರೂ ಅರ್ಧ ಗಂಟೆ ಆಡುತ್ತಾರೆ, ಮೂರು ಗಂಟೆ ಜಗಳವಾಡುತ್ತಾರೆ.

“ಮುಂಚೆ ಒಂದ್ಸಲ ಕೊಂಡ್ರೆ ಇಡೀ ಗೇಮ್ ನಮ್ಮದಾಗಿರ್ತಿತ್ತು,” ಎನ್ನುತ್ತಾನೆ ಪೋಸ್ಟ್‌ಮ್ಯಾನ್. “ಈಗ ಅರ್ಧಂಬರ್ಧ ಬೇಯಿಸಿದ್ದನ್ನ ಬಡಿಸ್ತಾರೆ. ಉಪ್ಪು ಬೇಕಾ, ಅದಕ್ಕೆ ಬೇರೆ ಕೊಡಿ ಅಂತಾರೆ.”

“ಅಷ್ಟು ದೊಡ್ಡ ಗೇಮ್ ಮಾಡೋಕೆ ನೂರಾರು ಜನ ಬೇಕು ಕಣೋ. ಅವರೇನು ಗಾಳಿ ತಿಂದು ಬದುಕ್ತಾರಾ?” ಎನ್ನುತ್ತಾನೆ ಹಲ್ಲುಸೆಟ್ಟು.

ಗಂಡ ಯಾರು ಕೊನೆಗೆ ಮಾತಾಡಿದರೋ ಅವರ ಪಕ್ಷ.

ಯಾವ ಗೇಮಿನ ಮೇಲೆ ಕೆಲಸ ಮಾಡುತ್ತೇನೆಂದು ಅಕ್ಕ ಯಾರಿಗೂ ಹೇಳುವಂತಿಲ್ಲ, ಕಟ್ಟಿಕೊಂಡ ಗಂಡನಿಗೂ ಹೇಳುವಂತಿಲ್ಲ. ಸೇರಿದ ದಿನವೇ ಹಾಗೆಂದು ಬರೆಸಿಕೊಂಡು ಸಹಿ ಹಾಕಿಸಿಕೊಂಡಿದ್ದಾರೆ. ಹಾಗಾಗಿ ಒಂದು ಭಾನುವಾರ ಆ ಮೂವರು ಹೊಸ ಗೇಮ್ ಹಾಕಿದಾಗ, ನೆಲದಡಿಯ ಆ ಊರು ಟೀವಿಯಲ್ಲಿ ತೆರೆದುಕೊಂಡಾಗ, ಅವಳು ತುಟಿಪಿಟಕ್ ಎನ್ನದೆ ಒಗೆದ ಬಟ್ಟೆ ಮಡಿಸುತ್ತಾ ಕೂತಳು. ಹದಿನಾಲ್ಕು ತಿಂಗಳು ಅವಳು ಅಲೆದ ಊರು ಅದು.

ನಾಲ್ಕನೇ ಸುರಂಗದಲ್ಲಿ ಒಂದು ಕಬ್ಬಿಣದ ಬಾಗಿಲಿದೆ. ಸನ್ನೆಗೋಲು ಎಳೆದರೆ ಅರ್ಧ ತೆರೆಯುತ್ತದೆ. ಗಂಡ ಎಳೆದ, ಒಳಗೆ ನುಗ್ಗಿದ, ಬಾಗಿಲ ಸಂದಿಯಲ್ಲಿ ಸಿಕ್ಕಿಹಾಕಿಕೊಂಡ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಮೊದಲಿಂದ ಶುರುಮಾಡಿದ. ಮತ್ತೆ ಅಲ್ಲೇ. ಹಲ್ಲುಸೆಟ್ಟು ಆಡಿದ, ಪೋಸ್ಟ್‌ಮ್ಯಾನ್ ಆಡಿದ. ಮೂವರೂ ಅದೇ ಸಂದಿಯಲ್ಲಿ.

ಅಕ್ಕನ ಕೈಯಲ್ಲಿದ್ದ ಬಟ್ಟೆ ಅರ್ಧ ಮಡಿಕೆಯಲ್ಲೇ ನಿಂತಿತು. ಆ ಬಾಗಿಲಿಗೆ ಓಕೆ ಹಾಕಿದವಳು ಅವಳೇ.

“ನೋಡ್ದ್ಯಾ?” ಎಂದು ಪೋಸ್ಟ್‌ಮ್ಯಾನ್ ತೊಡೆ ತಟ್ಟಿದ. “ಗೇಮ್ ಒಳಗಿನ ಅಂಗಡೀಲಿ ಬೆಳ್ಳಿ ಕೀಲಿ ಇಟ್ಟಿದಾರೆ ನೋಡು, ಜೇಬಿಂದ ದುಡ್ಡು ಕೊಟ್ರೆ ಬಾಗಿಲು ಪೂರ್ತಿ ತೆರಕೊಳ್ಳುತ್ತೆ. ಬೇಕಂತಲೇ ಮಾಡಿರೋದು. ನಮ್ಮ ಕಿವಿ ಮೇಲೆ ಹೂ ಇಡ್ತಿದಾರೆ.”

“ಹೌದು ಕಣೋ, ಇದು ಮಾತ್ರ ಅತಿಯಾಯ್ತು,” ಎಂದ ಹಲ್ಲುಸೆಟ್ಟು. ಕಂಪನಿಗಳ ಪರ ಸದಾ ವಕಾಲತ್ತು ವಹಿಸುವವನೇ ಹಾಗೆಂದದ್ದು ಅವಳಿಗೆ ಇನ್ನಷ್ಟು ಚುಚ್ಚಿತು.

ಬೇಕಂತಲೇ? ಅವಳಿಗೆ ತಲೆಬುಡ ತಿಳಿಯಲಿಲ್ಲ. ಬೇಕಂತ ಯಾರು ಮಾಡಿದರು? ಅಷ್ಟು ಸಲ ದಾಟಿದ ಬಾಗಿಲು ತನಗೊಮ್ಮೆಯೂ ಯಾಕೆ ಅಡ್ಡ ಬರಲಿಲ್ಲ?

ಸೋಮವಾರ ಕಚೇರಿಗೆ ಹೋದವಳು ಬ್ಯಾಗು ಕೂಡ ಇಳಿಸದೆ ಆ ಬಾಗಿಲಿಗೇ ಹೋದಳು. ದಾಟಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ದಾಟಿದಳು. ಏಳನೇ ಸಲಕ್ಕೆ ಗುಂಡಿಯ ಮೇಲಿದ್ದ ತನ್ನ ಹೆಬ್ಬೆರಳನ್ನೇ ನೋಡುತ್ತಾ ಆಡಿದಳು, ಆಗ ಗೊತ್ತಾಯಿತು. ಶುರುವಿನಲ್ಲಿ ಆ ಬಾಗಿಲ ಬಲಕ್ಕೆ ಒಂದು ಬಂಡೆಯಿತ್ತು. ಅದನ್ನು ತಪ್ಪಿಸಲು ಎಡಗೋಡೆಗೆ ಒತ್ತಿಕೊಂಡು ಹೋಗುವುದು ಬೆರಳಿಗೆ ರೂಢಿಯಾಯಿತು. ಬಂಡೆ ತೆಗೆದರು, ಬಾಗಿಲು ಬದಲಿಸಿದರು, ಬೆರಳು ಮಾತ್ರ ಬದಲಾಗಲಿಲ್ಲ. ನಡುವೆ ನಡೆದರೆ ಸಿಕ್ಕಿಕೊಳ್ಳುತ್ತದೆಂದು ಅವಳಿಗೆ ತಿಳಿಯಲೇ ಇಲ್ಲ, ಏಕೆಂದರೆ ನಡುವೆ ಅವಳು ನಡೆದೇ ಇರಲಿಲ್ಲ. ಯಾವ ಕಳ್ಳನೂ ಇಲ್ಲ, ಯಾವ ಸಂಚೂ ಇಲ್ಲ. ತಪ್ಪು ಅವಳದು.

ನಾಚಿಕೆಯಿಂದ ಮುಖ ಬಿಸಿಯಾಯಿತು. ಆದರೂ ಎಲ್ಲವನ್ನೂ ಬಿಡಿಸಿ ಬರೆದಳು, ಕೊನೆಗೆ ‘ನಾನು ಗಮನಿಸಿರಲಿಲ್ಲ’ ಎಂದೂ ಸೇರಿಸಿ ಕಳಿಸಿದಳು. ಮರುದಿನ ಉತ್ತರ ಬಂತು: ‘ಇದು ಬಗ್ ಅಲ್ಲ. ಹೀಗೇ ಇರಬೇಕು.’

ಅವಳು ಮೇಡಂ ಹತ್ತಿರ ಹೋದಳು. ಮೇಡಂ ಎಂದರೆ ಮೂವತ್ತೆರಡರ ಹುಡುಗಿ, ಇವಳಿಂದಲೇ ಕೆಲಸ ಕಲಿತು ಮೇಲೆ ಹೋದವಳು.

“ಮೇಡಂ, ಅದು ತಪ್ಪಾಗಿರೋದು. ನನ್ನಿಂದಲೇ ಆಗಿರೋದು.”

“ಗೊತ್ತು ಅಕ್ಕ.”

“ಮತ್ತೆ ಹೀಗೇ ಇರಬೇಕು ಅಂತ ಬರೆದಿದಾರಲ್ಲ? ಬೇಕಂತ ಮಾಡಿದ್ದಾ?”

ಮೇಡಂ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು. “ಬೇಕಂತ ಮಾಡಿಲ್ಲ ಅಕ್ಕ. ಆದ್ರೆ ಈಗ ಬೇಕಾಗಿದೆ. ಆ ಬಾಗಿಲ ಹತ್ರ ಕೀಲಿ ಕೊಂಡಷ್ಟು ಜನ ಇನ್ನೆಲ್ಲೂ ಕೊಂಡಿಲ್ಲ. ಮೇಲಿನವರು ಅದನ್ನ ಮುಟ್ಟಬೇಡಿ ಅಂದಿದಾರೆ.”

ಅಕ್ಕ ಹೂಂ ಎಂದು ಎದ್ದು ಬಂದಳು. ಏನಕ್ಕೆ ಹೂಂ ಎಂದಳೋ ಅವಳಿಗೇ ಗೊತ್ತಿಲ್ಲ. ಮಾಡಿದಾಗ ತಪ್ಪಾಗಿದ್ದದ್ದು, ಒಪ್ಪಿಕೊಂಡ ಮೇಲೆ ಸರಿಯಾಗುವುದು ಹೇಗೆ? ಪೋಸ್ಟ್‌ಮ್ಯಾನ್ ಭಾನುವಾರ ಹೇಳಿದ್ದು ಸುಳ್ಳಾಗಿತ್ತು, ಮಂಗಳವಾರ ನಿಜವಾಯಿತೇ? ಬಸ್ಸಿನಲ್ಲಿ ಯೋಚಿಸಿ ಯೋಚಿಸಿ ಇಳಿಯುವ ಸ್ಟಾಪನ್ನೇ ದಾಟಿಹೋದಳು.

ಮುಂದಿನ ಭಾನುವಾರವೂ ಮೂವರದ್ದು ಅದೇ ರಾಗ. ಅವಳಿಗೆ ತಡೆಯಲಾಗಲಿಲ್ಲ.

“ಬೇಕಂತ ಮಾಡಿದ್ದಲ್ಲ. ನೋಡೋರು ಯಾರೋ ಸರಿಯಾಗಿ ನೋಡಿಲ್ಲ, ಅಷ್ಟೆ.”

“ಅತ್ತಿಗೆ, ನಿಮ್ಮದು ಮೆತ್ತಗಿನ ಮನಸ್ಸು,” ಎಂದು ಪೋಸ್ಟ್‌ಮ್ಯಾನ್ ನಕ್ಕ. “ಅಂಥ ಬಾಗಿಲು ಕಣ್ಣಿಗೆ ಬೀಳದಷ್ಟು ಪೆದ್ದರು ಯಾರಿರ್ತಾರೆ ಹೇಳಿ?”

ಅವಳಿಗೆ ಉರಿದುಹೋಯಿತು. ಕಳ್ಳಿ ಎನ್ನಿಸಿಕೊಳ್ಳುವುದು ಮೇಲೋ ಪೆದ್ದಿ ಎನ್ನಿಸಿಕೊಳ್ಳುವುದು ಮೇಲೋ ತಿಳಿಯದೆ, ಮಡಿಸುತ್ತಿದ್ದ ಟವೆಲ್ ಎಸೆದು, ಗಂಡನ ಕೈಯಿಂದ ಕಂಟ್ರೋಲರ್ ಕಿತ್ತುಕೊಂಡಳು. ಎಡಗೋಡೆಗೆ ಒತ್ತಿಕೊಂಡು ಸಲೀಸಾಗಿ ಆಚೆ ದಾಟಿ, ಕಂಟ್ರೋಲರನ್ನು ವಾಪಸ್ ಅವನ ಮಡಿಲಿಗೆ ಹಾಕಿದಳು.

“ಏನೇ ಇದು!” ಎಂದ ಗಂಡ.

“ಎಡಗಡೆ ಅಂಟಿಕೊಂಡು ಹೋಗ್ರೀ. ಕೀಲಿ ಗೀಲಿ ಏನೂ ಬೇಡ.”

ಪೋಸ್ಟ್‌ಮ್ಯಾನ್ ಸುಮ್ಮನಿರುವ ಪೈಕಿಯೇ? ಸಂಜೆಯೊಳಗೆ ಅದನ್ನು ಇಂಟರ್ನೆಟ್ಟಿನಲ್ಲಿ ಬರೆದು ಜಗತ್ತಿಗೆಲ್ಲ ಟಾಂಟಾಂ ಮಾಡಿದ.

ಗುರುವಾರ ಅಕ್ಕನ ಕಂಪ್ಯೂಟರಿಗೆ ಕೆಂಪು ಗುರುತಿನ ಒಂದು ಬಗ್ ಬಂತು. ಕೆಂಪು ಎಂದರೆ ಉಳಿದದ್ದನ್ನೆಲ್ಲ ಬಿಟ್ಟು ಇದನ್ನು ನೋಡಿ ಎಂದು. ‘ನಾಲ್ಕನೇ ಸುರಂಗದಲ್ಲಿ ಜನ ಎಡಗೋಡೆಯ ಪಕ್ಕದಿಂದ ಕೀಲಿಯಿಲ್ಲದೆ ದಾಟುತ್ತಿದ್ದಾರೆ. ಸರಿಪಡಿಸಲಾಗಿದೆ. ಪರೀಕ್ಷಿಸಿ.’ ಅವಳು ಬರೆದು ಕಳಿಸಿದ ಬಗ್ಗನ್ನು ಯಾರೂ ಮುಟ್ಟಿರಲಿಲ್ಲ, ಇದಕ್ಕೆ ನಾಲ್ಕೇ ದಿನ ಸಾಕಾಯಿತು.

ಪರೀಕ್ಷಿಸಿದಳು. ಎಡಕ್ಕೆ ಹೋದಳು, ಸಿಕ್ಕಿಕೊಂಡಳು. ಬಲಕ್ಕೆ, ನಡುವೆ, ಓರೆಯಾಗಿ, ಎಲ್ಲ ಕಡೆಯಿಂದಲೂ ಸಿಕ್ಕಿಕೊಂಡಳು. ಪಟ್ಟಿಯ ಪ್ರಕಾರ ಎಲ್ಲ ನೆಟ್ಟಗಿದೆ. ಓಕೆ ಎಂದು ಹಾಕುವುದೊಂದೇ ಬಾಕಿ. ಅವಳು ಹಾಕಲಿಲ್ಲ. ಆ ಜಾಗದಲ್ಲಿ ‘ತಪ್ಪಿದೆ. ಜನ ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ’ ಎಂದು ಬರೆದಳು.

ಹಿಂದೆ ಬಂದು ನಿಂತಿದ್ದ ಮೇಡಂ ಓದಿ, ಮೆಲ್ಲಗೆ ಹೇಳಿದಳು: “ಅಕ್ಕ, ಅದೇ ಅಲ್ವಾ ಬೇಕಾಗಿರೋದು?”

“ನನಗೆ ಬೇಕಾಗಿಲ್ಲ ಮೇಡಂ.”

ಮೇಡಂಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಅಕ್ಕನಿಗೆ ಸುಲಭವಾಗುತ್ತಿತ್ತು. ಆ ಹುಡುಗಿ ಪಕ್ಕದ ಖಾಲಿ ಕುರ್ಚಿಯಲ್ಲಿ ಕುಸಿದು ಕೂತು, ನಿಜಕ್ಕೂ ತಿಳಿಯದವಳಂತೆ ಕೇಳಿದಳು. “ನೀವು ಅನ್ನದೆ ಇದ್ರೆ, ಇದನ್ನ ಓಕೆ ಅಂತ ಯಾರು ಅನ್ಬೇಕು ಅಕ್ಕ?”

“ಅದು ನನಗೂ ಗೊತ್ತಾಗ್ತಿಲ್ಲಮ್ಮ,” ಎಂದಳು ಅಕ್ಕ. ಬಾಯಿತಪ್ಪಿ ಮೇಡಂ ಎನ್ನುವುದನ್ನು ಬಿಟ್ಟಿದ್ದಳು. ನಾಳೆ ತನ್ನ ಕುರ್ಚಿಯಲ್ಲಿ ಇನ್ಯಾರು ಕೂತಿರುತ್ತಾರೋ ಎಂಬ ಭಯವಿತ್ತು, ಆದರೂ ಬರೆದದ್ದನ್ನು ಅಳಿಸಲಿಲ್ಲ, ಕಳಿಸಿದಳು.